ಸ್ಕ್ರೂ ಒಪ್ಪಿದರೆ ಸಾಲದು: ಹಳೇ ಲ್ಯಾಪ್‌ಟಾಪಿಗೆ ಇನ್ನೊಂದರ ಭಾಗ ಹಾಕುವ ಬಗ್ಗೆ

(ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಹುಚ್ಚಿರುವ ಕೆಲವು ಗೆಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಇವೆ. ಮೂರೂ ಥಿಂಕ್‌ಪ್ಯಾಡ್, ಮೂರೂ ಹಳೆಯವು. ಮಾತು ಮುಗಿದ ಮೇಲೆ ಬಂದು ಮುಟ್ಟಿ ನೋಡಬಹುದು, ಬಿಚ್ಚಿಯೂ ನೋಡಬಹುದು. ಅದಕ್ಕೇ ತಂದಿರುವುದು.

ಮೊದಲನೆಯದು ಟಿ440ಪಿ, 2013ರ ಮಾದರಿ. ಆ ವರ್ಷ ಲೆನೊವೊ ಟಚ್‌ಪ್ಯಾಡಿನ ಮೇಲಿದ್ದ ಮೂರು ಬಟನ್ನುಗಳನ್ನು ತೆಗೆದುಹಾಕಿತು. ಇಡೀ ಪ್ಯಾಡೇ ಒಂದು ದೊಡ್ಡ ಬಟನ್ ಆಯಿತು. ಎಲ್ಲಿ ಒತ್ತಿದರೂ ಧಡಕ್ ಅಂತ ಕೆಳಗೆ ಹೋಗುತ್ತದೆ. ಕೀಬೋರ್ಡಿನ ನಡುವಿನ ಕೆಂಪು ಚುಕ್ಕೆ ಇದೆಯಲ್ಲ, ಟ್ರ್ಯಾಕ್‌ಪಾಯಿಂಟ್, ಅದನ್ನು ಬಳಸುವವರಿಗೆ ಆ ಬಟನ್ನುಗಳು ಇಲ್ಲದಿದ್ದರೆ ಕೈ ಕಟ್ಟಿ ಹಾಕಿದ ಹಾಗೆ. ಬೇಕಾದಷ್ಟು ಬೈಗುಳ ಬಿತ್ತು. 2015ರ ಟಿ450ರಲ್ಲಿ ಬಟನ್ನುಗಳು ವಾಪಸ್ ಬಂದವು. ಆಗ ಯಾರೋ ಟಿ450ರ ಪ್ಯಾಡ್ ತೆಗೆದು ಟಿ440ಪಿಗೆ ಹಾಕಿ ನೋಡಿದರು. ಕೂತಿತು! ಅದೇ ಅಳತೆ, ಅದೇ ಕನೆಕ್ಟರ್. ವಿಂಡೋಸ್‌ನಲ್ಲಿ ಬಟನ್ ಸರಿಯಾಗಿ ಕೆಲಸ ಮಾಡಲು ಡ್ರೈವರಿನ ಸೆಟ್ಟಿಂಗ್ ಸ್ವಲ್ಪ ತಿದ್ದಬೇಕಾಗಬಹುದು, ಅಷ್ಟೇ. ಇಲ್ಲಿರುವ ಟಿ440ಪಿಯಲ್ಲೂ ಅದೇ ಪ್ಯಾಡ್ ಇದೆ.

ಇದನ್ನು ಮೊದಲು ತೋರಿಸಿದ್ದಕ್ಕೆ ಕಾರಣ ಇದೆ. ಇದು ತುಂಬ ಸಲೀಸಾದ ಕೇಸು. ಎಲ್ಲವೂ ಹೀಗೇ ಇರುತ್ತದೆ ಅಂದುಕೊಂಡು ಜನ ಸ್ಕ್ರೂಡ್ರೈವರ್ ಹಿಡಿಯುತ್ತಾರೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಯಂತ್ರದ ಭಾಗವನ್ನು ಇನ್ನೊಂದಕ್ಕೆ ಹಾಕುವಾಗ ನಾನು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಜಾಗದಲ್ಲಿ ಕೂರುತ್ತಾ? ಕರೆಂಟ್ ಹೊಂದುತ್ತಾ? ಯಂತ್ರ ಅದನ್ನು ಒಪ್ಪುತ್ತಾ? ನಮ್ಮ ಉತ್ಸಾಹವೆಲ್ಲ ಮೊದಲನೇ ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. ಬೋರ್ಡ್ ಸುಡುವುದು ಎರಡನೆಯದರಲ್ಲಿ. ಕೆಲಸ ನಿಂತುಹೋಗುವುದು ಮೂರನೆಯದರಲ್ಲಿ. ವರ್ಷ ಕಳೆದ ಹಾಗೆ ಕಷ್ಟವೆಲ್ಲ ಮೂರನೆಯದರ ಕಡೆಗೇ ಜರುಗುತ್ತಿದೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಅದನ್ನೇ.

ಥಿಂಕ್‌ಪ್ಯಾಡೇ ಯಾಕೆ ಅಂತ ಕೇಳಬಹುದು. ಬ್ರಾಂಡಿನ ಮೋಹ ನನಗೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಜವಾದ ಕಾರಣ ಬೇರೆ. 1992ರಲ್ಲಿ ಐಬಿಎಂ ಶುರು ಮಾಡಿದ ಸಾಲು ಇದು, 2005ರಲ್ಲಿ ಲೆನೊವೊ ಕೈಗೆ ಬಂತು. ಇಬ್ಬರೂ ಪ್ರತಿ ಮಾದರಿಗೂ ರಿಪೇರಿ ಕೈಪಿಡಿಯನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿದರು. ಯಾವ ಸ್ಕ್ರೂ ಎಲ್ಲಿ, ಎಷ್ಟು ಉದ್ದ, ಯಾವ ಭಾಗ ತೆಗೆಯುವ ಮೊದಲು ಯಾವುದನ್ನು ತೆಗೆಯಬೇಕು, ಎಲ್ಲ ಅದರಲ್ಲಿದೆ. ಪ್ರತಿ ಭಾಗಕ್ಕೂ ಎಫ್‌ಆರ್‌ಯು ಅಂತ ಒಂದು ನಂಬರ್ ಇರುತ್ತದೆ. ಎರಡು ಮಾದರಿಗಳ ಕೈಪಿಡಿಯಲ್ಲಿ ಒಂದೇ ನಂಬರ್ ಕಂಡರೆ ಅದು ಎರಡಕ್ಕೂ ಆಗುತ್ತದೆ ಅಂತ ಕಂಪನಿಯೇ ಹೇಳಿದ ಹಾಗೆ. ಈ ಹವ್ಯಾಸ ಬೆಳೆದಿದ್ದೇ ಆ ಕೈಪಿಡಿಗಳ ಮೇಲೆ. ದಯವಿಟ್ಟು ಓದಿ. ವಿಡಿಯೋ ನೋಡುವುದಕ್ಕಿಂತ ಬೇಗ ಮುಗಿಯುತ್ತದೆ.

ಈಗ ಮೂರನೇ ಯಂತ್ರಕ್ಕೆ ಬರೋಣ, ಎರಡನೆಯದು ಆಮೇಲೆ. ಈ ದಪ್ಪಗಿರುವುದು 15 ಇಂಚಿನ ಟಿ60. 2006ರದ್ದು. ಪರದೆ ನೋಡಿ, 4:3 ಅಳತೆ, 1600×1200 ಚುಕ್ಕೆ, ಐಪಿಎಸ್, ಅಂದರೆ ಓರೆಯಿಂದ ನೋಡಿದರೂ ಬಣ್ಣ ಕೆಡದ ಥರದ್ದು. ಈಗಲೂ ಕೋಡ್ ಬರೆಯಲು, ಪುಸ್ತಕದ ಪುಟ ನೋಡಲು ಇಂಥ ಪರದೆ ಇನ್ನೊಂದು ಬೇಕು ಅನಿಸುವುದಿಲ್ಲ. ಆದರೆ ಟಿ60ರ ಹಣೆಬರಹ ಅದರ ಇಂಟೆಲ್ 945 ಚಿಪ್‌ಸೆಟ್, ಅಂದರೆ ಪ್ರೊಸೆಸರಿಗೂ ಮಿಕ್ಕ ಭಾಗಗಳಿಗೂ ನಡುವೆ ಸಂಪರ್ಕ ನೋಡಿಕೊಳ್ಳುವ ಚಿಪ್ಪುಗಳು. 4 ಜಿಬಿ ರ್‍ಯಾಮ್ ಹಾಕಿದರೂ ಅದಕ್ಕೆ ಕಾಣುವುದು ಸುಮಾರು 3 ಜಿಬಿ ಮಾತ್ರ. ಮರುವರ್ಷದ ಟಿ61ರಲ್ಲಿ 965 ಚಿಪ್‌ಸೆಟ್ ಬಂತು, 8 ಜಿಬಿ ತನಕ ಹೋಗುತ್ತದೆ. ಆದರೆ ಟಿ61ಕ್ಕೆ ಈ ಪರದೆ ಇಲ್ಲ. ಒಂದರ ಕಣ್ಣು ಚೆನ್ನ, ಇನ್ನೊಂದರ ತಲೆ ಚೆನ್ನ.

ಟಿ61ರಲ್ಲಿ ಅಗಲ ಪರದೆಯ ಮಾದರಿಗಳೇ ಜಾಸ್ತಿ. ಜೊತೆಗೆ 14.1 ಇಂಚಿನ, 4:3 ಪರದೆಯ ಒಂದು ಮಾದರಿಯೂ ಇತ್ತು. ಅದರ ಬೋರ್ಡು 15 ಇಂಚಿನ ಟಿ60ರ ಮೈಯೊಳಗೆ ಕೂರುತ್ತದೆ. ಸುಮ್ನೆ ಕೂರುವುದಿಲ್ಲ, ಒಳಗಿನ ಚೌಕಟ್ಟನ್ನು ಅಲ್ಲಲ್ಲಿ ಕತ್ತರಿಸಬೇಕು, ಅರ ಹಾಕಿ ಉಜ್ಜಬೇಕು. ಹೀಗೆ ಕಟ್ಟಿದ ಯಂತ್ರಕ್ಕೆ ಹವ್ಯಾಸಿಗಳು ಫ್ರಾಂಕನ್‌ಪ್ಯಾಡ್ ಅಂತ ಹೆಸರಿಟ್ಟರು. ಇಲ್ಲಿ ಕಷ್ಟವೆಲ್ಲ ಮೊದಲನೇ ಪ್ರಶ್ನೆಯಲ್ಲೇ ಇದೆ: ಕೂರುತ್ತಾ? ಕೂತರೆ ಮಿಕ್ಕಿದ್ದು ದೊಡ್ಡ ತಕರಾರಿಲ್ಲದೆ ನಡೆಯುತ್ತದೆ. ಕೈಗೆ ಅರ ಮತ್ತು ತಾಳ್ಮೆ ಇದ್ದರೆ ಸಾಕಿದ್ದ ಕಾಲ ಅದು.

ಒಂದು ಎಚ್ಚರಿಕೆ ಮಾತ್ರ. ಟಿ61 ಬೋರ್ಡು ಹುಡುಕುವಾಗ ಇಂಟೆಲ್ ಗ್ರಾಫಿಕ್ಸ್ ಇರುವುದನ್ನೇ ಹುಡುಕಿ. ಎನ್ವಿಡಿಯಾ ಚಿಪ್ ಇರುವುದು ಬೇಡ. ಆ ಕಾಲದ ಎನ್ವಿಡಿಯಾ ಲ್ಯಾಪ್‌ಟಾಪ್ ಚಿಪ್ಪುಗಳು ಬಿಸಿಯಾಗಿ ತಣ್ಣಗಾಗಿ ಒಳಗಿನ ಬೆಸುಗೆ ಬಿರುಕು ಬಿಟ್ಟು ಸಾಯುತ್ತಿದ್ದವು. 2008ರಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಖರ್ಚಿಗೆ ದುಡ್ಡೂ ತೆಗೆದಿಟ್ಟಿತು. ಹಾಟ್ ಏರ್ ಹೊಡೆದು ‘ರಿಪೇರಿ’ ಮಾಡಿದ್ದೇವೆ ಅಂತ ಮಾರುವ ಬೋರ್ಡುಗಳು ಸಿಗುತ್ತವೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ನಡೆದು ಮತ್ತೆ ಮಲಗುತ್ತವೆ.

ಎರಡನೇ ಪ್ರಶ್ನೆ, ಕರೆಂಟಿನದು. ಇದರಲ್ಲಿ ನನಗೆ ಭಯ ಹುಟ್ಟಿಸುವುದು ಕನೆಕ್ಟರ್. ಎರಡು ಕನೆಕ್ಟರ್ ನೋಡಲು ಒಂದೇ ಥರ ಇದ್ದರೆ ನಮ್ಮ ಕೈ ತಾನಾಗಿಯೇ ತುರುಕಿಬಿಡುತ್ತದೆ. ರ್‍ಯಾಮ್ ತೆಗೆದುಕೊಳ್ಳಿ. ಡಿಡಿಆರ್3, ಡಿಡಿಆರ್3ಎಲ್ ಎರಡಕ್ಕೂ 204 ಪಿನ್, ಒಂದೇ ಕಚ್ಚು. ಮೊದಲನೆಯದು 1.5 ವೋಲ್ಟ್, ಎರಡನೆಯದು 1.35. ಎರಡನೆಯದನ್ನು ಎರಡೂ ವೋಲ್ಟೇಜಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಹಾಗಾಗಿ ಹೊಸ ರ್‍ಯಾಮ್ ಹಳೆ ಯಂತ್ರಕ್ಕೆ ಸಾಮಾನ್ಯವಾಗಿ ನಡೆಯುತ್ತದೆ. ಹಳೆಯದನ್ನು ಹೊಸ ಯಂತ್ರಕ್ಕೆ ಹಾಕಿದರೆ ನಡೆಯುವ ಗ್ಯಾರಂಟಿ ಇಲ್ಲ. ಈ ಟಿ440ಪಿ ಕೇಳುವುದು ಡಿಡಿಆರ್3ಎಲ್. ಡೋನರ್ ಯಂತ್ರದಿಂದ, ಅಂದರೆ ಬಿಡಿಭಾಗಕ್ಕೆ ಅಂತ ತಂದ ಯಂತ್ರದಿಂದ, ರ್‍ಯಾಮ್ ಕಿತ್ತು ಹಾಕುವ ಮೊದಲು ಅದರ ಮೇಲಿನ ಚೀಟಿ ಓದಿ.

ಎಂಸಾಟಾ, ಅಂದರೆ ಕಾರ್ಡಿನ ಆಕಾರದ ಪುಟ್ಟ ಎಸ್‌ಎಸ್‌ಡಿ ಡ್ರೈವ್, ಅದೂ ಹೀಗೇ. ಎಂಸಾಟಾ ಎಸ್‌ಎಸ್‌ಡಿ, ಮಿನಿ ಪಿಸಿಐ ಎಕ್ಸ್‌ಪ್ರೆಸ್ ವೈಫೈ ಕಾರ್ಡ್ ಎರಡಕ್ಕೂ ಒಂದೇ ಥರದ ಕಂಡಿ. ಎಕ್ಸ್220, ಎಕ್ಸ್230ಗಳಲ್ಲಿ ಸಿಮ್ ಡೇಟಾ ಕಾರ್ಡಿನ ಕಂಡಿಗೆ ಡ್ರೈವಿಗೆ ಬೇಕಾದ ಸಾಟಾ ತಂತಿಯನ್ನೂ ಎಳೆದಿದ್ದಾರೆ. ಹಾಗಾಗಿ ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ನಡೆಯುತ್ತದೆ, ಎರಡು ಡ್ರೈವ್ ಆಗುತ್ತದೆ. ಪಕ್ಕದ ವೈಫೈ ಕಂಡಿಗೆ ಆ ತಂತಿ ಇಲ್ಲ. ಅಲ್ಲಿ ಅದೇ ಎಸ್‌ಎಸ್‌ಡಿ ಚುಚ್ಚಿದರೂ ಬೂಟ್ ಲಿಸ್ಟಿನಲ್ಲಿ ಕಾಣುವುದೇ ಇಲ್ಲ. ಡ್ರೈವ್ ಸತ್ತಿದೆ ಅಂತ ಎಸೆಯಬೇಡಿ. ಕಂಡಿ ಬದಲಿಸಿ ನೋಡಿ.

ಪರದೆಯದ್ದು ಇನ್ನೂ ಸೂಕ್ಷ್ಮ. ಟಿ60 ಕಾಲದ ಪರದೆಗಳ ಹಿಂದೆ ಟ್ಯೂಬ್ ದೀಪ, ಅದಕ್ಕೆ ಇನ್ವರ್ಟರ್. ಇನ್ವರ್ಟರಿನ ಹೊರಗೆ ಬರುವುದು ನೂರಾರು ವೋಲ್ಟ್. ಆನ್ ಇರುವಾಗ ಬೆರಳಿಡಬೇಡಿ. ಆಮೇಲೆ ಎಲ್‌ಇಡಿ ಬಂತು. ಎಕ್ಸ್230 ತನಕ ಚಿತ್ರ ಹೋಗುತ್ತಿದ್ದುದು ಎಲ್‌ವಿಡಿಎಸ್ ಎಂಬ ಪದ್ಧತಿಯಲ್ಲಿ, ಆಮೇಲಿನವುಗಳಲ್ಲಿ ಇಡಿಪಿ. ಇವೆರಡರ ನಡುವೆ ನೇರ ಅದಲುಬದಲು ಇಲ್ಲ, ನಡುವೆ ಪರಿವರ್ತಕ ಬೋರ್ಡು ಬೇಕು. ಎಕ್ಸ್230ಗೆ ಫುಲ್ ಎಚ್‌ಡಿ ಪರದೆ ಹಾಕುವವರು ಡಾಕಿಗೆ, ಅಂದರೆ ಲ್ಯಾಪ್‌ಟಾಪ್ ಕೂರಿಸುವ ಪೀಠಕ್ಕೆ, ಹೋಗುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಕದ್ದು, ಮದರ್‌ಬೋರ್ಡಿನ ಮೇಲೆ ಸಣ್ಣ ಬೋರ್ಡೊಂದನ್ನು ಬೆಸೆದು ಪರದೆಗೆ ಕೊಡುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಕೂದಲೆಳೆಯಷ್ಟು ತೆಳುವಾದ ಜಾಗದಲ್ಲಿ ಬೆಸೆಯುವ ಅಭ್ಯಾಸ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಅದರ ಬದಲು ಅದೇ ಮಾದರಿಯ ಐಪಿಎಸ್ ಪರದೆ ಹುಡುಕಿ ಹಾಕಿ. 1366×768 ಚುಕ್ಕೆ ಅಷ್ಟೇ ಇದ್ದರೂ ಬಣ್ಣ, ಕೋನ ಎರಡೂ ಎಷ್ಟೋ ವಾಸಿ.

ಸರಿ, ಎರಡನೇ ಯಂತ್ರ. ಇದು ಎಕ್ಸ್230. 2012ರದ್ದು. ಮೇಲಿರುವ ಕೀಬೋರ್ಡ್ ಅದರದ್ದಲ್ಲ, 2011ರ ಎಕ್ಸ್220ರದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಆ ಮೂರು ಪ್ರಶ್ನೆಗಳೂ ಒಂದೇ ಕೀಬೋರ್ಡಿನಲ್ಲಿ ಸಿಗುತ್ತವೆ.

ಹಳೆಯ ಥಿಂಕ್‌ಪ್ಯಾಡ್ ಕೀಬೋರ್ಡಿಗೆ ಏಳು ಸಾಲು. ಡಿಲೀಟ್ ದೊಡ್ಡದು, ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಲ್ಲ ಬಲ ಮೂಲೆಯಲ್ಲಿ ಒಟ್ಟಿಗೆ. 2012ರಲ್ಲಿ ಅದನ್ನು ಆರು ಸಾಲಿಗೆ ಇಳಿಸಿ, ಬಿಡಿ ಬಿಡಿ ಚಪ್ಪಟೆ ಕೀಲಿ ಮಾಡಿದರು. ಹಿಂದೆ ದೀಪ ಕೊಟ್ಟರು. ಟೈಪ್ ಮಾಡಲು ಹೊಸದೂ ಕೆಟ್ಟದ್ದೇನಲ್ಲ ಅಂತ ನನ್ನ ಅಭಿಪ್ರಾಯ. ಇದನ್ನು ಹೇಳಿದರೆ ಈ ಹವ್ಯಾಸದವರು ನನ್ನನ್ನು ಜಗಳಕ್ಕೆ ಕರೆಯುತ್ತಾರೆ. ಆದರೆ ಕೀಲಿಗಳ ಜೋಡಣೆ ಹಳೆಯದ್ದೇ ಚೆನ್ನ, ಅದರಲ್ಲಿ ಎರಡು ಮಾತಿಲ್ಲ.

ಅದೃಷ್ಟಕ್ಕೆ ಲೆನೊವೊ ಕೀಬೋರ್ಡಿನ ಹೊರ ಅಳತೆಯನ್ನು ಬದಲಿಸಿರಲಿಲ್ಲ. ಕನೆಕ್ಟರ್ ಕೂಡ ಅದೇ. ಟಿ420, ಟಿ520, ಎಕ್ಸ್220 ಇವುಗಳ ಕೀಬೋರ್ಡ್ ಒಂದೇ. ಹಾಗೆಯೇ ಟಿ430, ಟಿ530, ಎಕ್ಸ್230ರದ್ದೂ ಒಂದೇ. ಹಾಗಾಗಿ ಡೋನರ್ ಎಕ್ಸ್220 ಆಗಬೇಕೆಂದೇನಿಲ್ಲ, ಪರದೆ ಒಡೆದ ಟಿ420 ಸಿಕ್ಕಿದರೂ ಆಯಿತು. ಕೆಳಗಿನ ಸ್ಕ್ರೂ ಬಿಚ್ಚಿ, ಎಕ್ಸ್230ರದ್ದನ್ನು ಪರದೆಯ ಕಡೆಗೆ ಜಾರಿಸಿ ಎತ್ತಿ, ಹಳೆಯದನ್ನು ಇಡಿ. ಮುಂದಿನ ಅಂಚಿನಲ್ಲಿ ಕೆಲವು ಲೋಹದ ನಾಲಿಗೆಗಳು ಅಡ್ಡ ಬರುತ್ತವೆ. ಉಜ್ಜಿ ತೆಗೆದರೆ ಕೂರುತ್ತದೆ. ಲೋಹದ ಪುಡಿ ಬೋರ್ಡಿನ ಮೇಲೆ ಬೀಳದಿರಲಿ, ಉಜ್ಜುವ ಕೆಲಸ ಇನ್ನೊಂದು ಕೋಣೆಯಲ್ಲಿ ಮಾಡಿ. ಇಲ್ಲಿಗೆ ಮೊದಲನೇ ಪ್ರಶ್ನೆ ಮುಗಿಯಿತು.

ಎರಡನೆಯದು. ಹೊಸ ಕೀಬೋರ್ಡಿಗೆ ದೀಪ ಇದೆ ಅಂದೆನಲ್ಲ. ಆ ದೀಪಕ್ಕೆ ಕರೆಂಟ್ ಅದೇ ಕನೆಕ್ಟರಿನಲ್ಲಿ ಬರುತ್ತದೆ. ಹಳೆಯ ಕೀಬೋರ್ಡಿಗೆ ದೀಪ ಇಲ್ಲ, ಆ ಪಿನ್ನುಗಳು ಅಲ್ಲಿ ಬೇರೆ ಕಡೆ ಸೇರಿಕೊಂಡಿವೆ. ಹಾಗೇ ಚುಚ್ಚಿ, ಯಾವತ್ತೋ ಒಂದು ದಿನ ಅಭ್ಯಾಸಬಲದಿಂದ ಎಫ್‌ಎನ್ ಮತ್ತು ಸ್ಪೇಸ್ ಒತ್ತಿದರೆ, ಅಂದರೆ ದೀಪ ಆನ್ ಮಾಡಿದರೆ, ಶಾರ್ಟ್ ಆಗುವ ಅಪಾಯ ಇದೆ. ಪರಿಹಾರ ಸುಲಭ. ಕೀಬೋರ್ಡಿನ ಕನೆಕ್ಟರಿನಲ್ಲಿ ಆ ಪಿನ್ನುಗಳ ಮೇಲೆ ಶಾಖ ತಡೆಯುವ ಕ್ಯಾಪ್ಟನ್ ಟೇಪಿನ ಸಣ್ಣ ಚೂರು ಅಂಟಿಸುವುದು. ಯಾವ ಪಿನ್ನು ಅನ್ನುವುದಕ್ಕೆ ಚಿತ್ರಗಳು ಸಿಗುತ್ತವೆ, ಅದನ್ನು ನೋಡಿಯೇ ಮಾಡಿ. ಇಷ್ಟು ಸಣ್ಣ ಕೆಲಸವನ್ನು ಬಿಡುವವರೇ ಜಾಸ್ತಿ. ಕೀಬೋರ್ಡ್ ಹಾಕಿದ ದಿನ ಎಲ್ಲ ಸರಿಯಾಗಿಯೇ ಇರುತ್ತದೆ ನೋಡಿ, ಅದಕ್ಕೇ ಮೋಸ ಹೋಗುವುದು.

ಇನ್ನು ಮೂರನೆಯದು. ಹಾಕಿ ಆನ್ ಮಾಡಿದರೆ ಅಕ್ಷರಗಳೆಲ್ಲ ಸರಿಯಾಗಿ ಬರುತ್ತವೆ. ಮೇಲಿನ ಸಾಲಿಗೆ ಹೋದರೆ ಕೆಲವು ಕೀಲಿ ತಮ್ಮ ಹೆಸರಿನ ಕೆಲಸ ಬಿಟ್ಟು ಬೇರೇನೋ ಮಾಡುತ್ತವೆ, ಕೆಲವು ಸುಮ್ಮನಿರುತ್ತವೆ. ಲ್ಯಾಪ್‌ಟಾಪಿನ ಕೀಬೋರ್ಡ್ ನೇರವಾಗಿ ವಿಂಡೋಸಿಗೋ ಲಿನಕ್ಸಿಗೋ ಮಾತಾಡುವುದಿಲ್ಲ. ನಡುವೆ ಎಂಬೆಡೆಡ್ ಕಂಟ್ರೋಲರ್ ಅಂತ ಒಂದು ಪುಟ್ಟ ಚಿಪ್ ಇದೆ, ಇಸಿ ಅನ್ನುತ್ತಾರೆ. ಫ್ಯಾನ್, ಬ್ಯಾಟರಿ, ಕೀಬೋರ್ಡ್ ಎಲ್ಲ ಅದರ ಸುಪರ್ದಿ. ಯಾವ ತಂತಿ ತಾಗಿದರೆ ಯಾವ ಕೀಲಿ ಅನ್ನುವ ಪಟ್ಟಿ ಅದರ ಒಳಗಿದೆ. ಎಕ್ಸ್230ರ ಇಸಿಗೆ ಗೊತ್ತಿರುವುದು ಆರು ಸಾಲಿನ ಪಟ್ಟಿ.

ಆ ಪಟ್ಟಿಯನ್ನೇ ತಿದ್ದಿದವರಿದ್ದಾರೆ. ಹ್ಯಾಮಿಶ್ ಕೋಲ್ಮನ್ ಎಂಬವರು ಶುರು ಮಾಡಿದ ಥಿಂಕ್‌ಪ್ಯಾಡ್-ಇಸಿ ಎಂಬ ಮುಕ್ತ ತಂತ್ರಾಂಶ ಇದೆ. ಅದು ಲೆನೊವೊದ ಬಯೋಸ್ (ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಕಡತ ತೆಗೆದುಕೊಂಡು, ಒಳಗಿರುವ ಇಸಿ ಭಾಗವನ್ನು ತಿದ್ದಿ, ಪೆನ್‌ಡ್ರೈವಿನಿಂದ ಹಾಕುವ ಹಾಗೆ ಮಾಡಿಕೊಡುತ್ತದೆ. ಹಾಕಿದರೆ ಏಳು ಸಾಲೂ ಜೀವ ಪಡೆಯುತ್ತವೆ. ಆದರೆ ಇಲ್ಲೊಂದು ಗಂಟಿದೆ. ಆಮೇಲಿನ ಬಯೋಸ್ ಆವೃತ್ತಿಗಳು ತಿದ್ದಿದ ಇಸಿಯನ್ನು ಒಳಗೆ ಬಿಡುವುದಿಲ್ಲ. ಮೊದಲು ಹಳೇ ಆವೃತ್ತಿಗೆ ಇಳಿಯಬೇಕು. ತೀರ ಹೊಸ ಆವೃತ್ತಿಗೆ ಹೋಗಿಬಿಟ್ಟಿದ್ದರೆ ಇಳಿಯುವುದೂ ಸುಲಭವಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಕ್ಸ್230 ಕೈಗೆ ಬಂದ ಕೂಡಲೇ ಉತ್ಸಾಹದಿಂದ ಎಲ್ಲ ಅಪ್‌ಡೇಟ್ ಹಾಕಬೇಡಿ. ಮೊದಲು ಬಯೋಸ್ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನೊಂದು ಕ್ರಮದ ವಿಷಯ. ನಿಮ್ಮಲ್ಲಿ ಕೆಲವರಿಗೆ ಕೋರ್‌ಬೂಟ್ ಹಾಕುವ ಆಸೆ ಇರುತ್ತದೆ. ಕೋರ್‌ಬೂಟ್ ಅಂದರೆ ಕಂಪನಿ ಬಯೋಸಿನ ಬದಲು ಬಳಸುವ ಮುಕ್ತ ಫರ್ಮ್‌ವೇರ್. ಎಕ್ಸ್230ರಲ್ಲಿ ಅದಕ್ಕೆ ಎರಡು ಫ್ಲ್ಯಾಶ್ ಚಿಪ್ ಇವೆ, 8 ಎಂಬಿ ಒಂದು, 4 ಎಂಬಿ ಒಂದು. ಕೈ ಇಡುವ ಪ್ಯಾನಲ್ ತೆಗೆದರೆ ಕಾಣುತ್ತವೆ, ಕ್ಲಿಪ್ ಹಾಕಿ ಬರೆಯಬಹುದು. ಆದರೆ ಇಸಿಗೆ ತಿದ್ದುಪಡಿ ಹೋಗುವುದು ಲೆನೊವೊ ಬಯೋಸಿನ ದಾರಿಯಲ್ಲೇ. ಆದ್ದರಿಂದ ಇಸಿ ಮೊದಲು, ಕೋರ್‌ಬೂಟ್ ಆಮೇಲೆ. ತಿರುಗಾಮುರುಗಾ ಮಾಡಿದರೆ ಒಂದು ಕೀಬೋರ್ಡಿಗೋಸ್ಕರ ಹಳೆ ಬಯೋಸನ್ನು ಮತ್ತೆ ಬರೆದು, ಮತ್ತೆ ಎಲ್ಲ ಮೊದಲಿಂದ. ಅಂದ ಹಾಗೆ, ಎಲ್ಲ ಕಡೆ ಸಿಗುವ ಕಪ್ಪು ಬಣ್ಣದ ಅಗ್ಗದ ಸಿಎಚ್341ಎ ಪ್ರೋಗ್ರಾಮರ್ ಇದೆಯಲ್ಲ, ಅದರ ಡೇಟಾ ಪಿನ್ನುಗಳಲ್ಲಿ 5 ವೋಲ್ಟ್ ಬರುತ್ತದೆ. ಚಿಪ್ಪಿಗೆ ಬೇಕಿರುವುದು 3.3. ಬಹಳ ಜನ ಹಾಗೇ ಬಳಸಿ ಏನೂ ಆಗಿಲ್ಲ ಅನ್ನುತ್ತಾರೆ. ನಾನಾದರೆ ವೋಲ್ಟೇಜ್ ಸರಿಪಡಿಸಿದ್ದನ್ನೇ ಬಳಸುತ್ತೇನೆ.

ಒಂದು ಕೀಬೋರ್ಡ್ ಬದಲಿಸಲು ಇಷ್ಟು ರಾಮಾಯಣ. ಸ್ಕ್ರೂ ಕೆಲಸ ಹತ್ತು ನಿಮಿಷದ್ದು, ಒಪ್ಪಿಸುವ ಕೆಲಸಕ್ಕೆ ಇಡೀ ಸಂಜೆ.

ಕೀಬೋರ್ಡಿನ ತಕರಾರಿನಲ್ಲಿ ಯಾರ ದುರುದ್ದೇಶವೂ ಇಲ್ಲ ಅನ್ನಿ. ಇಸಿಗೆ ಗೊತ್ತಿರಲಿಲ್ಲ, ಅಷ್ಟೇ. ವೈಫೈ ಕಾರ್ಡಿನ ಕಥೆ ಬೇರೆ. ಡೋನರಿನಿಂದ ಒಳ್ಳೆ ವೈಫೈ ಕಾರ್ಡ್ ತೆಗೆದು ಎಕ್ಸ್230ಗೆ ಹಾಕಿ ಆನ್ ಮಾಡಿ. 1802 ಅಂತ ಎರರ್ ಬರುತ್ತದೆ. ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್ ಹಾಕಿದ್ದೀರಿ, ಆಫ್ ಮಾಡಿ ತೆಗೆಯಿರಿ ಅನ್ನುತ್ತದೆ. ಕಾರ್ಡ್ ಕೆಟ್ಟಿಲ್ಲ. ಕಂಡಿ ಸರಿ, ಕರೆಂಟ್ ಸರಿ. ಮದುವೆ ಛತ್ರದ ಬಾಗಿಲಲ್ಲಿ ಹೆಸರಿನ ಪಟ್ಟಿ ಹಿಡಿದು ನಿಂತವರ ಹಾಗೆ ಬಯೋಸ್ ನಿಂತಿರುತ್ತದೆ, ನಿಮ್ಮ ಕಾರ್ಡಿನ ಹೆಸರು ಪಟ್ಟಿಯಲ್ಲಿಲ್ಲ. ಎಚ್‌ಪಿಯ ಎಷ್ಟೋ ಹಳೆ ಮಾದರಿಗಳಲ್ಲೂ ಇಂಥ ಪಟ್ಟಿ ಇತ್ತು. ರೇಡಿಯೋ ಉಪಕರಣಕ್ಕೆ ಸರ್ಕಾರದ ಮಂಜೂರಾತಿ ಬೇಕು, ಆಂಟೆನಾ ಜೊತೆ ಸೇರಿಸಿ ಪಡೆದಿರುತ್ತೇವೆ ಅನ್ನುವುದು ಇಂಥ ಪಟ್ಟಿಗೆ ಕೊಡುವ ಸಮರ್ಥನೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದೇ ಕಾರ್ಡನ್ನು ಯುಎಸ್‌ಬಿ ಡಾಂಗಲ್ ರೂಪದಲ್ಲಿ ಚುಚ್ಚಿದರೆ ಯಾರೂ ಕೇಳುವುದಿಲ್ಲವಲ್ಲ!

ಬ್ಯಾಟರಿಯೂ 2012ರಲ್ಲೇ ಈ ಸಾಲಿಗೆ ಸೇರಿತು. ಎಕ್ಸ್220ರ ಬ್ಯಾಟರಿ ಎಕ್ಸ್230ಗೆ ಆಕಾರದಲ್ಲಿ ಹೊಂದುತ್ತದೆ. ಆದರೆ ಎಕ್ಸ್230ರ ಇಸಿ ಬ್ಯಾಟರಿಯ ಗುರುತು ಕೇಳುತ್ತದೆ, ಅಸಲಿ ಅಲ್ಲ ಅನಿಸಿದರೆ ಚಾರ್ಜ್ ಮಾಡುವುದಿಲ್ಲ. ಮೇಲೆ ಹೇಳಿದ ಇಸಿ ತಿದ್ದುಪಡಿಯಲ್ಲೇ ಈ ತಪಾಸಣೆ ತೆಗೆಯುವ ದಾರಿಯೂ ಇದೆ. ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಕಂಪನಿಯ ಕಡೆ ಸ್ವಲ್ಪ ವಾಲುತ್ತೇನೆ. ಲಿಥಿಯಂ ಸೆಲ್ ಬೆಂಕಿ ಹಿಡಿದರೆ ನೀರು ಹಾಕಿ ಸುಮ್ಮನಾಗುವಂಥದ್ದಲ್ಲ. ತಪಾಸಣೆ ತೆಗೆದ ಮೇಲೆ ಯಾವ ಸೆಲ್ ಹಾಕುತ್ತಿದ್ದೀರಿ ಅನ್ನುವ ಹೊಣೆ ನಿಮ್ಮದು. ಉಬ್ಬಿದ ಬ್ಯಾಟರಿಯನ್ನು ಡೋನರಿನಿಂದ ತೆಗೆದುಕೊಳ್ಳಲೇಬೇಡಿ. ಪ್ಯಾಕ್ ಒಡೆದು ಸೆಲ್ ಬದಲಿಸುವ ಕೆಲಸ ಸ್ಪಾಟ್ ವೆಲ್ಡಿಂಗ್ ಗೊತ್ತಿರುವವರಿಗೆ ಬಿಡಿ.

ಆಮೇಲೆ ಬಾಗಿಲು ಇನ್ನಷ್ಟು ಬಿಗಿಯಾಯಿತು. 2013ರ ಇಂಟೆಲ್ ಹ್ಯಾಸ್ವೆಲ್ ತಲೆಮಾರಿನ ಜೊತೆ ಬೂಟ್ ಗಾರ್ಡ್ ಬಂತು. ತಯಾರಕರು ಅದನ್ನು ಆನ್ ಮಾಡಿದ್ದರೆ ಅವರ ಸಹಿ ಇಲ್ಲದ ಫರ್ಮ್‌ವೇರ್ ಶುರುವಾಗುವುದೇ ಇಲ್ಲ. ಈ ಟಿ440ಪಿಯಲ್ಲಿ ಅದು ಆನ್ ಇಲ್ಲ, ಅದಕ್ಕೇ ಕೋರ್‌ಬೂಟಿನವರಿಗೆ ಇದರ ಮೇಲೆ ಅಷ್ಟು ಪ್ರೀತಿ. ಪ್ರೊಸೆಸರ್ ಕೂಡ ಸಾಕೆಟ್ಟಿನಲ್ಲಿದೆ, ಎತ್ತಿ ಇನ್ನೊಂದು ಹಾಕಬಹುದು. ಎಕ್ಸ್230ರಲ್ಲಿ ಅದು ಬೋರ್ಡಿಗೇ ಬೆಸೆದಿದೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ್‍ಯಾಮ್ ಕೂಡ ಬೆಸೆದೇ ಬಂತು. 2020ರ ಎಂ1ರಲ್ಲಿ ರ್‍ಯಾಮ್ ಪ್ರೊಸೆಸರಿನ ಪಕ್ಕದಲ್ಲೇ, ಒಂದೇ ಪ್ಯಾಕೇಜಿನಲ್ಲಿ. ಅಲ್ಲಿ ಡೋನರ್ ತಂದು ಏನು ಮಾಡುತ್ತೀರಿ?

ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಚೀನಾದ 51ಎನ್‌ಬಿ ಎಂಬ ಹವ್ಯಾಸಿಗಳ ಬಳಗ ಹಳೆ ಥಿಂಕ್‌ಪ್ಯಾಡಿನ ಮೈಗೆ ಹೊಂದುವ ಹೊಸ ಬೋರ್ಡನ್ನೇ ತಯಾರಿಸಿತು. ಅವರ ಎಕ್ಸ್210 ಅಂದರೆ ಎಕ್ಸ್201ರ ಮೈಯೊಳಗೆ ಇಂಟೆಲ್ 8ನೇ ತಲೆಮಾರು. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪಿನಲ್ಲಂತೂ ಬೋರ್ಡ್ ಬದಲಿಸುವುದನ್ನೇ ಕಂಪನಿ ಮಾರುತ್ತದೆ. ನಮ್ಮ ದೇಶದಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗಗಳ ಮಾಹಿತಿ ಒಂದೇ ಕಡೆ ಸಿಗಲಿ ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಪಟ್ಟಿ ಹಿಡಿದು ನಿಂತ ಬಯೋಸಿಗೆ ಪೋರ್ಟಲ್ ಏನೂ ಮಾಡುವುದಿಲ್ಲ.

ಡೋನರ್ ಎಲ್ಲಿ ಸಿಗುತ್ತದೆ? ಬೆಂಗಳೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಎಸ್‌ಪಿ ರೋಡ್. ಐಟಿ ಕಂಪನಿಗಳು ಲೀಸ್ ಮುಗಿದು ಬಿಟ್ಟ ಯಂತ್ರಗಳು ಈ ಊರಿನಲ್ಲಿ ಬೇಕಾದಷ್ಟು ತಿರುಗುತ್ತವೆ. ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಇವೇ ಜಾಸ್ತಿ. ಹೋಗುವ ಮೊದಲು ಯಾವ ಭಾಗ ಬೇಕು ಅನ್ನುವುದು ತಲೆಯಲ್ಲಿ ಇರಲಿ. ಪರದೆ ಬೇಕಿದ್ದರೆ ಬೋರ್ಡ್ ಸತ್ತಿದ್ದು ತನ್ನಿ, ಬೋರ್ಡ್ ಬೇಕಿದ್ದರೆ ಪರದೆ ಒಡೆದಿದ್ದು. ಎರಡೂ ಸರಿ ಇರುವುದನ್ನು ಬಿಡಿಭಾಗಕ್ಕೆ ಅಂತ ಬಿಚ್ಚಬೇಡಿ, ಅದು ಪಾಪದ ಕೆಲಸ. ಅದನ್ನು ಯಾರಾದರೂ ಓದುವ ಹುಡುಗರಿಗೆ ಕೊಡಿ.

ಬೋರ್ಡ್ ಕೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ ಬಿಟ್ಟುಬಿಡಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಒಂದು ಪ್ರತ್ಯೇಕ ಚಿಪ್ಪಿನಲ್ಲಿ ಕೂತಿರುತ್ತದೆ. ಒಳಗಿನ ಸಣ್ಣ ಬಿಲ್ಲೆ ಬ್ಯಾಟರಿ ತೆಗೆದರೆ ಹೋಗುತ್ತದೆ ಅಂತ ಅಂಗಡಿಯವರು ಹೇಳಬಹುದು, ಹೋಗುವುದಿಲ್ಲ. ಜೊತೆಗೆ ಅಂಥ ಬೋರ್ಡ್ ಕದ್ದ ಮಾಲೂ ಆಗಿರಬಹುದು. ಬಿಲ್ ಕೇಳಿ.

ಕೆಲಸಕ್ಕೆ ಕೂತಾಗ ಬ್ಯಾಟರಿ ತೆಗೆಯುವುದು ಮೊದಲು. ಒಳಗೇ ಬ್ಯಾಟರಿ ಇರುವ ಮಾದರಿಗಳಲ್ಲಿ ಅದನ್ನು ಬಯೋಸಿನಲ್ಲೇ ಆಫ್ ಮಾಡುವ ಆಯ್ಕೆ ಇರುತ್ತದೆ. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಚಿತ್ರ ಬರೆದು ಅದರ ಮೇಲೇ ಇಡಿ. ಉದ್ದ ಸ್ಕ್ರೂವನ್ನು ಗಿಡ್ಡ ಸ್ಕ್ರೂವಿನ ರಂಧ್ರಕ್ಕೆ ತಿರುಗಿಸಿದರೆ ಅದು ಆ ಕಡೆಯಿಂದ ಬೋರ್ಡಿಗೆ ಚುಚ್ಚುತ್ತದೆ.

ಇನ್ನು ಪ್ರಶ್ನೆಗಳಿಗೆ ಬರೋಣ.

ಒಬ್ಬರು ಕೇಳಿದರು: ಬೇರೆ ಲ್ಯಾಪ್‌ಟಾಪಿನ ಚಾರ್ಜರ್ ಹಾಕಬಹುದಾ?

ಪಿನ್ ಹೋಗುತ್ತದೆ ಅಂತ ಹಾಕಬೇಡಿ, ಮೇಲೆ ಬರೆದ ವೋಲ್ಟ್ ನೋಡಿ. ಐಬಿಎಂ ಟಿ40 ಸಾಲಿನವು 16 ವೋಲ್ಟ್, ಟಿ60ರಿಂದ ಈಚೆಗೆ 20. ಆಮೇಲೆ ದುಂಡು ಪಿನ್ ಹೋಗಿ ಚೌಕ ಪಿನ್ ಬಂತು. ಆದರೂ ವೋಲ್ಟೇಜ್ 20 ಆಗಿಯೇ ಉಳಿಯಿತು. ಹಾಗಾಗಿ ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ನಡೆಯುತ್ತದೆ, ವಾಟ್ ಸಾಕಷ್ಟು ಇರಬೇಕು ಅಷ್ಟೇ. ಡೆಲ್‌ನಲ್ಲಿ ನಡುವೆ ಒಂದು ಸಣ್ಣ ಪಿನ್ ಇದೆ. ಅದು ಚಾರ್ಜರಿನ ಗುರುತು ಹೇಳುತ್ತದೆ. ಗುರುತು ಸಿಗದಿದ್ದರೆ ಯಂತ್ರ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ನಿಧಾನ ಆಗುತ್ತದೆ. ನೋಡಿ, ಚಾರ್ಜರಿನಲ್ಲೂ ಅದೇ ಮೂರನೇ ಪ್ರಶ್ನೆ.

ಇನ್ನೊಬ್ಬರು: ವಿಂಡೋಸ್ 11 ಬರುವುದಿಲ್ಲವಲ್ಲ, ಇಷ್ಟೆಲ್ಲ ಮಾಡಿ ಏನು ಉಪಯೋಗ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಮತ್ತೆ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು. ಈ ಮೂರೂ ಯಂತ್ರ ಅದಕ್ಕೆ ಆಗುವುದಿಲ್ಲ. ಲಿನಕ್ಸ್ ಆದರೆ ಎಕ್ಸ್230, ಟಿ440ಪಿ ಎರಡೂ ಎಸ್‌ಎಸ್‌ಡಿ ಮತ್ತು 16 ಜಿಬಿ ಹಾಕಿಕೊಂಡು ಆರಾಮವಾಗಿ ಓಡುತ್ತವೆ. ಕನ್ನಡ ಟೈಪಿಂಗ್, ಬ್ರೌಸರ್, ಕೋಡಿಂಗ್ ಯಾವುದಕ್ಕೂ ತೊಂದರೆ ಇಲ್ಲ. ಟಿ60 ಪರದೆಯ ಮೋಹಕ್ಕೆ ಇಟ್ಟುಕೊಳ್ಳುವಂಥದ್ದು, ದಿನನಿತ್ಯದ ಕೆಲಸಕ್ಕೆ ಯಾರಿಗೂ ಹೇಳುವುದಿಲ್ಲ. ವಿಂಡೋಸೇ ಬೇಕು ಅನ್ನುವವರು 2018ರ ಟಿ480 ನೋಡಿ. 8ನೇ ತಲೆಮಾರು, ಹಿಂದಿನ ಬ್ಯಾಟರಿ ಕೈಯಲ್ಲೇ ತೆಗೆಯಬಹುದು, ರ್‍ಯಾಮ್ ಬೆಸೆದಿಲ್ಲ. ಅದಕ್ಕೂ ಡೋನರ್ ಕೆಲಸ ಇದೆ. ಎನ್ವಿಡಿಯಾ ಇರುವ ಟಿ480ರ ಎರಡು ಕೊಳವೆಯ ಹೀಟ್‌ಸಿಂಕ್ ತೆಗೆದು ಸಾಮಾನ್ಯ ಟಿ480ಗೆ ಹಾಕುತ್ತಾರೆ. ಯಂತ್ರ ತಣ್ಣಗಿರುತ್ತದೆ, ಫರ್ಮ್‌ವೇರಿನ ಗೋಜು ಏನೂ ಇಲ್ಲ.

ಕೊನೆಯದು ಒಬ್ಬ ವಿದ್ಯಾರ್ಥಿನಿಯದ್ದು: ನನ್ನ ಹತ್ತಿರ ಇರುವುದು ಬೇರೆ ಕಂಪನಿಯ ಮನೆಬಳಕೆಯ ಲ್ಯಾಪ್‌ಟಾಪ್, ಹಿಂಜ್ ಮುರಿದಿದೆ. ಕೈಪಿಡಿಯೂ ಇಲ್ಲ. ಏನು ಮಾಡಲಿ?

ತಳದ ಚೀಟಿಯಲ್ಲಿ ಪೂರ್ತಿ ಮಾದರಿ ಸಂಖ್ಯೆ ಇರುತ್ತದೆ, ಕೊನೆಯ ಅಕ್ಷರಗಳ ಸಮೇತ ಬರೆದುಕೊಳ್ಳಿ. ಮನೆಬಳಕೆಯ ಮಾದರಿಗಳಲ್ಲಿ ಹೆಸರು ಒಂದೇ ಇದ್ದು ಒಳಗಿನದ್ದು ಬೇರೆ ಇರುವುದು ಮಾಮೂಲಿ. ಹಿಂಜ್ ಮುರಿದಿದೆ ಅಂದರೆ ಬಹಳ ಸಲ ಹಿಂಜ್ ಸರಿಯಾಗಿಯೇ ಇರುತ್ತದೆ, ಅದರ ಸ್ಕ್ರೂ ಹಿಡಿದ ಪ್ಲಾಸ್ಟಿಕ್ ಕಂಬ ಕಿತ್ತಿರುತ್ತದೆ. ಬಿಚ್ಚಿ ನೋಡಿ. ಕಂಬ ಕಿತ್ತಿದ್ದರೆ ಹಿಂಜ್ ಕೊಂಡು ಪ್ರಯೋಜನ ಇಲ್ಲ, ಅದೇ ಮಾದರಿಯ ಮೇಲಿನ ಅಥವಾ ಕೆಳಗಿನ ಕವರ್ ಬೇಕು. ಬೋರ್ಡ್ ಸತ್ತ ಡೋನರ್ ಒಂದು ಸಿಕ್ಕಿದರೆ ಎರಡೂ ಕವರ್, ಹಿಂಜ್, ಕೀಬೋರ್ಡ್ ಎಲ್ಲ ಒಟ್ಟಿಗೆ ಬಂತು. ಆ ಥರದ ಭಾಗಗಳಿಗೆ ಯಾವ ಫರ್ಮ್‌ವೇರಿನ ಒಪ್ಪಿಗೆಯೂ ಬೇಡ. ಹಿಂಜ್ ತುಂಬ ಬಿಗಿ ಇದ್ದರೆ ಅದರ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿ ಹಾಕಿ. ಇಲ್ಲದಿದ್ದರೆ ಹೊಸ ಕವರಿನ ಕಂಬವೂ ಹಾಗೇ ಕಿತ್ತು ಬರುತ್ತದೆ.